ಹಳೇ .223 ರೈಫಲ್‌ನಿಂದ ಜಿಂಕಿ ಶಿಕಾರಿ ಮಾಡ್ಲಿಕ್ಕೆ ಯಾವ ಬುಲೆಟ್ ತಗೋಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತ್ರಿ, ಯಾಕಂದ್ರ ಹದಿನಾಲ್ಕು ವರ್ಷದ ಹಿಂದ ನಾನೂ ಬರಾಬರಿ ಇದನ್ನೇ ಕೇಳ್ಕೋತ ತಿರಗಿದ್ದೆ, ಕನ್ನಡದಾಗ ಹೇಳೋವ್ರು ಒಬ್ಬರೂ ಸಿಕ್ಕಿರಲಿಲ್ಲ. ನೀವು ಬರ್ದಿದ್ದು ಇಷ್ಟು: ಊರು ಬೀದರ್ ಕಡೆ ಭಾಲ್ಕಿ, ಈಗ ಟೆಕ್ಸಾಸ್‌ನಾಗ ನೌಕರಿ, ಆಫೀಸಿನ ದೋಸ್ತ ನವೆಂಬರ್‌ದಾಗ ಅವರ ಮಾವನ ರಾಂಚ್‌ಗೆ, ಅಂದ್ರ ದನ ಸಾಕೋ ದೊಡ್ಡ ಜಮೀನಿಗೆ, ಶಿಕಾರಿಗೆ ಕರ್ದಾನ, ಅವರ ಮನ್ಯಾಗ ಬಿದ್ದಿರೋ ಹಳೇ .223 ರೈಫಲ್ ನಿಮ್ಮ ಕೈಗೆ ಕೊಡ್ತಾನಂತ, ಅಂಗಡ್ಯಾಗ ಸಸ್ತಾ ಸಿಗೋ 55 ಗ್ರೇನ್ ಡಬ್ಬಿ ಸಾಕಾ, ಇಲ್ಲಾ ಇಷ್ಟು ಸಣ್ಣ ಗುಂಡಿನ ರೈಫಲ್ಲೇ ಬ್ಯಾಡಾ.

ರೈಫಲ್ ನಡೀತದ. ಆ ಸಸ್ತಾ ಡಬ್ಬಿ ನಡ್ಯಂಗಿಲ್ಲ.

ನಾ ಆಳಂದ ತಾಲೂಕಿನವ, ಸ್ಯಾನ್ ಆಂಟೋನಿಯೋದಾಗ 11 ವರ್ಷ ಇದ್ದು ಈಗ ವಾಪಸ್ ಬಂದು ಕಲಬುರಗ್ಯಾಗ ಇದ್ದೀನಿ, ವಾರದಾಗ ಎರಡು ದಿನ ಹೊಲದ ಕಡೆ ಹೋಗ್ತೀನಿ. ಅಲ್ಲಿದ್ದಾಗ ಏಳು ಸೀಸನ್ ಶಿಕಾರಿಗೆ ಹೋಗೀನಿ, ಅದ್ರಾಗ ಐದು ಸೀಸನ್ .223 ಮ್ಯಾಲೇ. ದೊಡ್ಡ ಶಿಕಾರಿ ಅಂತ ಹೇಳ್ಕೊಳ್ಳಂಗಿಲ್ಲ, ಆದ್ರ ಈ ಒಂದು ವಿಷಯದಾಗ ತಪ್ಪು ಮಾಡಿ ಕಲ್ತೀನಿ.

ಮುಂದ ಹೋಗೋದಕ್ಕಿಂತ ಮೊದ್ಲ ಇಲ್ಲೇ ನಮ್ಮ ಕಡೆ ಕುಂತು ಇದನ್ನ ಓದೋ ಮಂದಿಗೊಂದು ಮಾತು, ಯಾಕಂದ್ರ ಹೇಳದಿದ್ರ ಯಾರರೆ ಒಬ್ಬ ಅಣ್ಣಾ ನಮ್ಮ ಹೊಲದಾಗ ಚಿಗರಿ ಬರ್ತಾವ ಯಾವ ಗುಂಡು ಹೊಡೀಲಿ ಅಂತ ಕೇಳೇ ಕೇಳ್ತಾನ. ಯಾವ ಗುಂಡೂ ಇಲ್ಲ. ನಮ್ಮ ದೇಶದಾಗ 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲ ಜಿಂಕಿ ಶಿಕಾರಿ ಅನ್ನೋದು ಮುಗ್ದ ಕತಿ, ಚಿಗರಿ ಅಂದ್ರ ಕೃಷ್ಣಮೃಗ ಮೊದಲ್ನೇ ಶೆಡ್ಯೂಲ್‌ನಾಗ ಅದ, ಹೊಡದ್ರ 3ರಿಂದ 7 ವರ್ಷ ಒಳಗ. ಬೆಳಿ ಹಾಳಾಗ್ತದ ಅನ್ನೋ ಸಿಟ್ಟು ನಂಗೂ ಗೊತ್ತದ, ಹೆಸರು ಮೊಳಕಿ ಬಂದಾಗ ಇಪ್ಪತ್ತು ಚಿಗರಿ ಒಂದು ಮುಂಜಾನಿ ಬಂದು ಹೋದ್ರ ಆ ಸಾಲು ಹ್ಯಾಂಗ ಕಾಣ್ತದ ಅಂತ ನಾ ನೋಡೀನಿ, ಆದ್ರ ನಮ್ಮಪ್ಪ ಎಪ್ಪತ್ತು ದಾಟಿದ ಮ್ಯಾಲೂ ಎಣ್ಣಿ ಡಬ್ಬಿ ಬಡ್ಕೋತ ಓಡಿಸ್ತಾನ ಹೊರತು ಬ್ಯಾರೆ ದಾರಿ ನೋಡಿಲ್ಲ. ಹಂಗಾಗಿ ಇಲ್ಲಿಂದ ಕೆಳಗಿಂದು ಪೂರಾ ಅಮೆರಿಕಾದ ಮಾತು.

ಈಗ ನಿಮ್ಮ ವಿಷಯ. ಮೊದಲ್ನೇದು ಬುಲೆಟ್ಟೇ ಅಲ್ಲ, ವೀಸಾ. ಎಚ್-1ಬಿ ಮ್ಯಾಲ ಇದ್ರ ಹಂಟಿಂಗ್ ಲೈಸೆನ್ಸ್ ಇಲ್ದ ಬಂದೂಕು ಮುಟ್ಟೋದು, ಅಷ್ಟೇ ಅಲ್ಲ ತೋಟಾ ಡಬ್ಬಿ ಇಟ್ಕೊಳ್ಳೋದು ಸುದ್ದಾ ಅಲ್ಲಿನ ಫೆಡರಲ್ ಕಾನೂನಿನಾಗ ಅಪರಾಧ, ದೋಸ್ತನ ರೈಫಲ್ ಅದ ನಂದಲ್ಲ ಅಂದ್ರ ಕೇಳಂಗಿಲ್ಲ. ಲೈಸೆನ್ಸ್ ಇದ್ರ ಆ ಕಾನೂನಿನಾಗೇ ವಿನಾಯಿತಿ ಅದ. ಟೆಕ್ಸಾಸ್‌ನಾಗ 1971 ಸೆಪ್ಟೆಂಬರ್ 2 ಅಥವಾ ಆಮ್ಯಾಲ ಹುಟ್ಟಿದವ್ರು ಹಂಟರ್ ಎಜುಕೇಶನ್ ಕೋರ್ಸೂ ಮಾಡಬೇಕು, ಅದನ್ನ ಮೊದ್ಲೇ ಮುಗಿಸ್ರಿ. ಕೋರ್ಸು ಸುಮ್ಮನ ಫಾರ್ಮಾಲಿಟಿ ಅಂದ್ಕೋಬ್ಯಾಡ್ರಿ, ನಾ ಜಿಂಕಿ ಮೈಯಾಗ ಎಲ್ಲಿ ಏನದ ಅಂತ ಮೊದಲ್ನೇ ಸಲ ಬರಾಬರಿ ನೋಡಿದ್ದು ಅಲ್ಲಿನ ಚಿತ್ರದಾಗೇ.

ಇನ್ನ .223 ಅಂದ್ರ ಏನು. ಗುಂಡಿನ ಅಗಲ 5.7 ಮಿಲಿಮೀಟರ್, ನಮ್ಮ ತೊಗರಿ ಕಾಳು ಅಂಗೈ ಮ್ಯಾಲ ಇಟ್ಕೊಂಡು ನೋಡ್ರಿ, ಹೆಚ್ಚುಕಮ್ಮಿ ಅಷ್ಟೇ. ಕಾಲೇಜಿನಾಗ ಎನ್‌ಸಿಸಿ ಮಾಡಿದ್ರ ಪಾಯಿಂಟ್ ಟೂಟೂ ಹೊಡ್ದಿರ್ತೀರಿ, ಅದರ ಗುಂಡೂ ಇಷ್ಟೇ ದಪ್ಪ, ಹಂಗಂತ ಎರಡೂ ಒಂದೇ ಅಲ್ಲ. ಟೂಟೂ ಗುಂಡು 40 ಗ್ರೇನ್, ಸೆಕೆಂಡಿಗೆ 1200 ಅಡಿ ಆಸುಪಾಸು ಹೋಗ್ತದ, .223ದು 55 ಗ್ರೇನ್ ಇದ್ರ 3200 ಅಡಿ ಮ್ಯಾಲ. ನಳಿಗಿ ಬಾಯಾಗ ಹೊಡ್ತದ ಶಕ್ತಿ ಲೆಕ್ಕ ಹಾಕಿದ್ರ ಟೂಟೂದು 130 ಫುಟ್‌ಪೌಂಡ್ ಹತ್ರ, .223ದು 1280 ಹತ್ರ, ಅಂದ್ರ ಹತ್ತು ಪಟ್ಟು. ಟೆಕ್ಸಾಸ್‌ನಾಗ ಟೂಟೂದಂಥಾ ರಿಮ್‌ಫೈರ್, ಅಂದ್ರ ತಳದ ಅಂಚಿಗೆ ಪೆಟ್ಟು ಬಿದ್ದು ಹಾರೋ ತೋಟಾದಿಂದ ವೈಟ್‌ಟೇಲ್ ಅನ್ನೋ ಅಲ್ಲಿನ ಜಿಂಕಿ ಹೊಡ್ಯೋದು ಕಾನೂನಿನ ಪ್ರಕಾರನೇ ಬಂದ್, ಯಾರರೆ ನಮ್ಮಜ್ಜ ಅದರಿಂದಾನೇ ಹೊಡೀತಿದ್ದ ಅಂತ ಹೇಳಿದ್ರ ನಕ್ಕು ಸುಮ್ಮನಾಗ್ರಿ.

ಗ್ರೇನ್ ಅಂದ್ರ ಮದ್ದಿನ ತೂಕ ಅಂತ ಭಾಳ ಮಂದಿ ತಿಳ್ಕೊಂಡಾರ, ಅಲ್ಲ, ಡಬ್ಬಿ ಮ್ಯಾಲ ಬರ್ದಿರೋದು ಹಾರಿ ಹೋಗೋ ಗುಂಡಿನ ತೂಕ. ನಮ್ಮ ಸರಾಫರ ಹಳೇ ಲೆಕ್ಕ ಗೊತ್ತಿದ್ರ ಇದು ಭಾಳ ಸುಲಭ, ಒಂದು ತೊಲಿ ಅಂದ್ರ ಸರಿಯಾಗಿ 180 ಗ್ರೇನ್, ಹಂಗಾದ್ರ 60 ಗ್ರೇನ್ ಬುಲೆಟ್ ಅಂದ್ರ ತೊಲಿದಾಗ ಮೂರನೇ ಒಂದು ಪಾಲು, ನಾಲ್ಕು ಮಾಸಿ. ನಾಲ್ಕು ಮಾಸಿ ತೂಕದ ತೊಗರಿ ಕಾಳೊಂದು 45 ಕಿಲೋದ ಪ್ರಾಣಿ ಎದಿ ಒಳಗ ಹೊಕ್ಕು ಕೆಲಸ ಮಾಡ್ಬೇಕು. ಅದಕ್ಕಾಗೇ ಅದು ಒಳಗ ಹೋಗಿ ಏನಾಗ್ತದ ಅನ್ನೋದೇ ಎಲ್ಲಾ. ದೊಡ್ಡ ರೈಫಲ್‌ನಾಗ ಬುಲೆಟ್ ಜರಾ ಹೆಚ್ಚುಕಮ್ಮಿ ಇದ್ರೂ ತೂಕ ಕಾಯ್ತದ, ಇಲ್ಲಿ ಕಾಯೋವ್ರು ಯಾರಿಲ್ಲ.

ಆ 55 ಗ್ರೇನ್ ಸಸ್ತಾ ಡಬ್ಬಿ ಬಹುತೇಕ ಎಫ್‌ಎಂಜೆ ಇರ್ತದ, ಅಂದ್ರ ಸೀಸದ ಮ್ಯಾಲ ಮೂತಿ ತನಕ ತಾಮ್ರದ ಕವಚ. ಕಾಗದ ತೂತು ಮಾಡ್ಲಿಕ್ಕೆ, ಡಬ್ಬಿ ಬೀಳಸ್ಲಿಕ್ಕೆ ಮಸ್ತ್. ಪ್ರಾಣಿ ಮೈಯಾಗ ಅದು ಅರಳಂಗಿಲ್ಲ, ಒಂದೊಂದ್ಸಲ ಒಳಗ ಉರುಳಿ ತುಂಡಾಗ್ತದ, ಒಂದೊಂದ್ಸಲ ಸೂಜಿ ಹೋದಂಗ ಈ ಕಡಿಂದ ಆ ಕಡಿ ಹೋಗಿಬಿಡ್ತದ, ಜಿಂಕಿ ಎರಡು ಮೈಲು ಓಡಿ ಎಲ್ಲೋ ಎರಡು ದಿನ ನರಳಿ ಸಾಯ್ತದ. ಮಜಾ ಅಂದ್ರ ಇದರ ಇತಿಹಾಸ ಸುತ್ತಿ ನಮ್ಮ ದೇಶಕ್ಕೇ ಬರ್ತದ. 1890ರ ದಶಕದಾಗ ಕಲ್ಕತ್ತಾ ಹತ್ರ ದಮ್‌ದಮ್ ಕಾರ್ಖಾನಿಯೊಳಗ ಬ್ರಿಟಿಷರು ಮೂತಿ ಬಿಚ್ಚಿದ ಗುಂಡು ಮಾಡಿದ್ರು, ಅರಳೋ ಗುಂಡಿಗೆ ಜಗತ್ತೆಲ್ಲಾ ದಮ್‌ದಮ್ ಅಂತ ಹೆಸರಾತು, 1899ರಾಗ ಹೇಗ್ ಘೋಷಣೆ ಒಳಗ ಯುದ್ಧಕ್ಕ ಅಂಥಾ ಗುಂಡು ಬ್ಯಾಡ ಅಂದ್ರು. ಸೈನ್ಯದಾಗ ಪೂರ್ತಿ ಕವಚದ ಗುಂಡೇ ಉಳ್ದಿದ್ದು ಹಂಗ. ಶಿಕಾರಿಯೊಳಗ ಪೂರಾ ಉಲ್ಟಾ, ಪ್ರಾಣಿ ಜಲ್ದಿ ಸಾಯ್ಬೇಕು ಅಂತ ಭಾಳ ಕಡೆ ಅರಳೋ ಬುಲೆಟ್ಟೇ ಕಡ್ಡಾಯ. ಮನಷ್ಯಾನಿಗೆ ಬ್ಯಾಡ ಅಂದಿದ್ದು ಜಿಂಕಿಗೆ ದಯಾ ಅಂತ.

ಹಂಗಂತ ಅರಳೋದೆಲ್ಲಾ ತಗೋಬ್ಯಾಡ್ರಿ, ನಾ ಹಾಳಾಗಿದ್ದು ಅಲ್ಲೇ. ಎರಡನೇ ಸೀಸನ್, ಅಂಗಡ್ಯಾಗ ಪ್ಲಾಸ್ಟಿಕ್ ಚೂಪು ಮೂತಿದು 50 ಗ್ರೇನ್ ಡಬ್ಬಿ ನೋಡ್ದೆ, ನೋಡ್ಲಿಕ್ಕೆ ಭಾಳ ಚಂದ, ಕಾಗದದ ಮ್ಯಾಲ ಮೂರು ಗುಂಡು ಒಂದು ರೂಪಾಯಿ ನಾಣ್ಯದಾಗ ಕುಂತ್ವು, ಇದಕ್ಕಿಂತ ಏನ್ ಬೇಕು ಅಂತ ತಗೊಂಡು ಹೋದೆ. ಡಬ್ಬಿ ಮ್ಯಾಲ ವರ್ಮಿಂಟ್ ಅಂತ ಬರ್ದಿತ್ತು, ಆ ಶಬ್ದದ ಅರ್ಥ ನೋಡ್ಲಿಕ್ಕೆ ನಂಗ ತಲಿ ಹೋಗ್ಲಿಲ್ಲ. ಅದು ಕೊಯೋಟಿ (ನಮ್ಮ ನರಿಯಂಥಾದ್ದು), ಪ್ರೇರಿ ಡಾಗ್ ಅಂಥಾ ಸಣ್ಣ ಪ್ರಾಣಿಗೆ ಮಾಡಿದ್ದು, ಚರ್ಮಕ್ಕ ತಾಗಿದ ಕೂಡ್ಲೇ ಪುಡಿ ಆಗಬೇಕು ಅಂತಾನೇ ಕವಚ ತೆಳ್ಳಗ ಮಾಡಿರ್ತಾರ. ಸಂಜಿ ಐದೂವರಿ, 90 ಗಜದಾಗ ಒಂದು ಹೆಣ್ಣು ಜಿಂಕಿ, ಜರಾ ನನ್ನ ಕಡೆ ಮುಖ ಮಾಡಿ ಓರಿ ನಿಂತಿತ್ತು. ಹೊಡ್ದೆ, ಭುಜದ ಎಲುಬಿಗೆ ತಾಗ್ತು, ಬಗ್ಗಿ ಎದ್ದು ಮೂರು ಕಾಲ ಮ್ಯಾಲ ಓಡಿಹೋತು. ನಿಂತ ಜಾಗಕ್ಕ ಹೋಗಿ ನೋಡಿದ್ರ ಕೂದ್ಲ ಗುಂಪು, ಅಕ್ಕಿಯಷ್ಟು ಎಲುಬಿನ ಚೂರು, ರಕ್ತ ಎರಡು ಮೂರು ಹನಿ. ರಾತ್ರಿ ಹತ್ತರ ತನಕ ಟಾರ್ಚ್ ಹಿಡ್ಕೊಂಡು ಮುಳ್ಳಿನ ಕಂಟಿಯೊಳಗ ತಿರಗಿದ್ವಿ, ಮರುದಿನ ಮುಂಜಾನಿ ಸಿಕ್ತು, ಕೊಯೋಟಿ ಹಿಂದಿನ ಕಡೆಯಿಂದ ಅರ್ಧ ತಿಂದಿದ್ವು. ಭುಜದ ಗಾಯ ಅಂಗೈ ಅಗಲ ಇತ್ತು, ಆಳ ಎರಡು ಇಂಚ್ ಅಷ್ಟೇ, ಗುಂಡು ಎದಿ ಗೂಡು ಮುಟ್ಟೇ ಇರ್ಲಿಲ್ಲ. ರಾಂಚಿನ ಮುದುಕ ಒಂದು ಮಾತೂ ಬೈಲಿಲ್ಲ, ಆ ಡಬ್ಬಿ ಇಸ್ಕೊಂಡು ನೋಡಿ ವಾಪಸ್ ನನ್ನ ಕೈಗಿಟ್ಟ, ಬೈದಿದ್ರ ಚಂದಿತ್ತು.

ಅಂದ್ರ ನಿಮ್ಗ ಬೇಕಾಗಿದ್ದು ಎರಡರ ನಡುಕಿಂದು, ಒಳಗ ಹೋಗೋ ತನಕ ಗಟ್ಟಿ ಇರ್ಬೇಕು, ಹೋದ ಮ್ಯಾಲ ಅರಳ್ಬೇಕು, ಅರಳಿದ್ರೂ ಒಡ್ಯಬಾರ್ದು. ನಾ ಆಮ್ಯಾಲ ಪೂರಾ ನಂಬಿದ್ದು 60 ಗ್ರೇನ್ ನೋಸ್ಲರ್ ಪಾರ್ಟಿಶನ್. ಅದರ ಹೆಸರೇ ಹೇಳ್ತದ, ನಡುವ ತಾಮ್ರದ ಗ್ವಾಡಿ ಅದ, ಗ್ವಾಡಿ ಮುಂದಿನ ಸೀಸ ಅರಳ್ತದ, ಹಿಂದಿನ ಅರ್ಧ ಹಂಗೇ ಉಳ್ದು ಮುಂದ ತಳ್ತದ. ಜಾನ್ ನೋಸ್ಲರ್ ಅಂತ ಒಬ್ಬವ 1946ರಾಗ ಕೆನಡಾದಾಗ ದೊಡ್ಡ ಮೂಸ್‌ಗೆ ಹೊಡ್ದು ಗುಂಡು ಒಳಗ ಹೋಗ್ದೇ ಸಿಟ್ಟು ಬಂದು ತಾನೇ ಕುಂತು ಮಾಡಿದ್ದಂತ, 1948ರಾಗ ಕಂಪನಿ ಸುರು ಆತು. ಅಂದ್ರ ನಂಗಾದ ಹಾಡೇ ಅವನಿಗೂ ಆಗಿತ್ತು, ಅವ ಬುಲೆಟ್ ಕಂಡ್ಹಿಡ್ದ, ನಾ ಡಬ್ಬಿ ಬದಲಿ ಮಾಡ್ದೆ.

ಮೂರನೇ ಸೀಸನ್‌ದಾಗ ಹೊಡ್ದ ಜಿಂಕಿ ಚರ್ಮ ಬಿಡಸುವಾಗ ಆ ಕಡಿ ಪಕ್ಕಡಿ ಹತ್ರ ಚರ್ಮದ ಕೆಳಗ ಒಂದು ಗಂಟು ಕೈಗೆ ಹತ್ತು. ಚಾಕೂಲೆ ಚರ್ಮ ಸೀಳಿದ್ರ ಪಾರ್ಟಿಶನ್ ಗುಂಡು. ಮುಂದಿಂದು ಹೂವಿನ ಎಸಳು ಹಿಂದಕ ಮಡಚಿದಂಗ ತಾಮ್ರ ಸುತ್ತಿತ್ತು, ಹಿಂದಿನ ಬುಡ ಡಬ್ಬಿಯಾಗ ಇದ್ದಂಗೇ ದುಂಡಗ. ತೊಗರಿ ಕಾಳು ಹೋಗಿ ಕಾಬೂಲಿ ಕಡ್ಲಿ ಆಗಿತ್ತು ಅನ್ರಿ. ಆ ಜಿಂಕಿ ನಲವತ್ತು ಹೆಜ್ಜಿ ಓಡಿತ್ತು ಅಷ್ಟೇ.

ಅದೊಂದೇ ಅಂತಿಲ್ಲ. ಫೆಡರಲ್ ಫ್ಯೂಶನ್ 62 ಗ್ರೇನ್ ಅದ, ಅದ್ರಾಗ ಕವಚಕ್ಕೂ ಸೀಸಕ್ಕೂ ಬೆಸುಗಿ ಇದ್ದಂಗ ಇರ್ತದ, ಬಿಡಂಗಿಲ್ಲ, ಪಾರ್ಟಿಶನ್‌ಕಿಂತ ಕಮ್ಮಿ ರೊಕ್ಕದಾಗ ಬರ್ತದ, ಹೊಸಬರಿಗೆ ನಾ ಇದನ್ನೇ ಹೇಳ್ತೀನಿ. ವಿಂಚೆಸ್ಟರ್ 64 ಗ್ರೇನ್ ಪವರ್ ಪಾಯಿಂಟ್ ಹಳೇ ನಮೂನಿ ಸಾದಾ ಸಾಫ್ಟ್ ಪಾಯಿಂಟ್, ಅಂದ್ರ ಮೂತಿ ಮ್ಯಾಲ ಕವಚ ಇಲ್ದ ಸೀಸ ಕಾಣೋದು, ಜಿಂಕಿ ಲೆಕ್ಕ ಇಟ್ಟೇ ಮಾಡಿದ್ದು. ಬಾರ್ನ್ಸ್ ಟಿಎಸ್‌ಎಕ್ಸ್ ಅಂದ್ರ ಪೂರ್ತಿ ತಾಮ್ರ, ಸೀಸಾನೇ ಇಲ್ಲ, ಒಡ್ಯೋ ಮಾತೇ ಇಲ್ಲ, ಮಾಂಸದಾಗ ಸೀಸದ ಪುಡಿ ಬೀಳಂಗಿಲ್ಲ. ಮನ್ಯಾಗ ಸಣ್ಣ ಮಕ್ಕಳು ತಿಂತಾರಂದ್ರ ಇದನ್ನ ಜರಾ ಗಂಭೀರ ತಗೋರಿ, 2008ರಾಗ ನಾರ್ತ್ ಡಕೋಟಾದಾಗ ಬಡವರಿಗಂತ ಕೊಟ್ಟ ಜಿಂಕಿ ಮಾಂಸದಾಗ ಸೀಸದ ಚೂರು ಕಂಡು ಅದನ್ನ ಹಂಚಬ್ಯಾಡ್ರಿ ಅಂತ ಸರ್ಕಾರಾನೇ ಹೇಳಿತ್ತು. ಕ್ಯಾಲಿಫೋರ್ನಿಯಾದಾಗ 2019 ಜುಲೈ 1ರಿಂದ ಶಿಕಾರಿಗೆ ಸೀಸದ ಗುಂಡೇ ಬಂದ್.

ಈಗ ಅಂಗಡಿಗೆ ಓಡ್ಬ್ಯಾಡ್ರಿ, ರೈಫಲ್ ನೋಡ್ರಿ ಮೊದ್ಲು. ಹಳೇದು ಅಂದೀರಲ್ಲ, ಅದ್ರಾಗೇ ಅದ ಗಮ್ಮತ್ತು. ನಳಿಗಿ ಒಳಗ ಸುರುಳಿ ಗೆರಿ ಇರ್ತಾವ, ಗುಂಡನ್ನ ಬುಗುರಿ ಹಂಗ ತಿರುಗಿಸ್ಲಿಕ್ಕೆ. ಬುಗುರಿ ಉದ್ದ ಆದಂಗ ಜೋರಾಗಿ ತಿರುಗ್ಬೇಕು, ಇಲ್ಲಂದ್ರ ತೂರಾಡ್ತದ, ಗುಂಡಿಗೂ ಅದೇ. ಹಳೇ .223 ಬೋಲ್ಟ್ ರೈಫಲ್‌ಗಳು ಭಾಳಷ್ಟು 1:12, ಅಂದ್ರ 12 ಇಂಚಿಗೆ ಒಂದು ಸುತ್ತು, ಅವು 55 ಗ್ರೇನ್ ತನಕ ಖುಷಿಯಾಗಿ ಹೊಡೀತಾವ. 1:9 ಇದ್ರ 60, 62, 64 ಎಲ್ಲಾ ನಡೀತಾವ, 1:8 ಅಥವಾ 1:7 ಇದ್ರ ಚಿಂತಿನೇ ಇಲ್ಲ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕ ಗುಂಡು ಉದ್ದ ಆಗ್ತದ, ಹಂಗಾಗಿ ಟಿಎಸ್‌ಎಕ್ಸ್ ಅಂಥಾವಕ್ಕ ಇನ್ನೂ ಜೋರು ಸುತ್ತು ಬೇಕು, ಯಾವ ಸುತ್ತು ಬೇಕು ಅಂತ ಕಂಪನಿಯವ್ರು ಬರ್ದಿರ್ತಾರ ಓದ್ರಿ. 60 ಗ್ರೇನ್ ಪಾರ್ಟಿಶನ್ ಗಿಡ್ಡ ಅದ, 1:12ರಾಗೂ ಭಾಳ ಸಲ ನಡೀತದ, ನಡೀತದ ಅಂದ್ರ ನಿಮ್ಮ ರೈಫಲ್‌ನಾಗ ಹೊಡ್ದು ನೋಡಿದ ಮ್ಯಾಲ. ಕಾಗದದ ಮ್ಯಾಲ ತೂತು ದುಂಡಗ ಇದ್ರ ಸರಿ, ಕೀಲಿ ತೂತಿನಂಗ ಉದ್ದ ಬಿದ್ರ ಗುಂಡು ಅಡ್ಡ ಹೊಂಟದ ಅಂತ ಅರ್ಥ, ಆ ಡಬ್ಬಿ ಆ ರೈಫಲ್‌ಗಲ್ಲ.

ನಳಿಗಿ ಮ್ಯಾಲ ಬರ್ದಿರ್ಲಿಲ್ಲಂದ್ರ ಅಳ್ಯೋದು ಸುಲಭ. ರೈಫಲ್ ಖಾಲಿ ಅದನೋ ಇಲ್ಲೋ ಎರಡ್ಸಲ ನೋಡ್ರಿ, ಬೋಲ್ಟ್ ತೆಗೀರಿ, ಕ್ಲೀನಿಂಗ್ ರಾಡಿಗೆ ಬಟ್ಟಿ ಬಿಗಿ ಸುತ್ತಿ ಒಳಗ ಹಾಕ್ರಿ, ಹಿಡಿ ಹತ್ರ ರಾಡ್ ಮ್ಯಾಲ ಪೆನ್ನಿಂದ ಒಂದು ಗುರ್ತು, ಮೆಲ್ಲಕ ತಳ್ರಿ, ಗುರ್ತು ಒಂದು ಪೂರ್ತಿ ಸುತ್ತು ಬರೋದ್ರಾಗ ರಾಡ್ ಎಷ್ಟು ಇಂಚ್ ಒಳಗ ಹೋತು ಅದೇ ಲೆಕ್ಕ. ರಾಡಿನ ಹಿಡಿ ಸಡ್ಲ ತಿರುಗೋ ನಮೂನಿದು ಇರ್ಬೇಕು, ಇಲ್ಲಂದ್ರ ಬಟ್ಟಿ ಜಾರಿ ಸುಳ್ಳು ಲೆಕ್ಕ ಬರ್ತದ. ಇನ್ನೊಂದು, ನಳಿಗಿ ಮ್ಯಾಲ ಬರೇ .223 ಅಂತಿದ್ರ 5.56 ಅಂತ ಬರ್ದ ಮಿಲಿಟರಿ ತೋಟಾ ಹಾಕ್ಬ್ಯಾಡ್ರಿ, ನೋಡ್ಲಿಕ್ಕೆ ಒಂದೇ ಕಾಣ್ತಾವ, ಕುಂತೂ ಬಿಡ್ತಾವ, ಆದ್ರ ಒತ್ತಡ ಹೆಚ್ಚಾಗ್ತದ. 5.56 ನಳಿಗಿಯೊಳಗ .223 ಹಾಕಿದ್ರ ತೊಂದ್ರಿಲ್ಲ.

ಬುಲೆಟ್ ಬದಲಿ ಮಾಡಿದ್ರಿ ಅಂದ್ರ ಸ್ಕೋಪ್ ಮತ್ತ ಹೊಂದಸ್ಬೇಕು. ಸಸ್ತಾ ಗುಂಡಿನಿಂದ ನಿಶಾನಿ ಕೂಡಿಸಿ ಶಿಕಾರಿ ದಿನ ಮಾತ್ರ ಕಿಮ್ಮತ್ತಿನ ಗುಂಡು ಹಾಕೋ ಜಾಣರು ಅದಾರ, ನನ್ನ ರೈಫಲ್‌ನಾಗ ಹಂಗ ಮಾಡಿದ್ರ 100 ಗಜದಾಗ ಮೂರು ಇಂಚ್ ಎಡಕ್ಕ ಹೋಗ್ತಿತ್ತು. ಎರಡು ಡಬ್ಬಿ ತಗೋರಿ, ಒಂದು ಡಬ್ಬಿ ಪೂರಾ ಕಾಗದಕ್ಕ.

ಎಲ್ಲಿ ಹೊಡ್ಯೋದು ಅಂದ್ರ, ಮುಂಗಾಲಿನ ಹಿಂದ, ಎದಿ ಎತ್ತರದಾಗ ಕೆಳಗಿಂದ ಮೂರನೇ ಒಂದು ಪಾಲಿನ ಹತ್ರ, ಅಡ್ಡ ನಿಂತಾಗ ಮಾತ್ರ. ಪುಪ್ಪಸ, ಹೃದಯ ಕೂಡಿ ಒಂದು ಎಂಟು ಇಂಚಿನ ಸಣ್ಣ ತಾಟಿನಷ್ಟು ಜಾಗ. ನಿಮ್ಮ ಕಡೆ ಮುಖ ಮಾಡಿ ಓರಿ ನಿಂತಿದ್ರ ಬಿಡ್ರಿ, .308 ಅಂಥಾ ದೊಡ್ಡ ರೈಫಲ್ ಹಿಡ್ದವ ಹೊಡೀತಾನ ಅಂತ ನೀವ್ ಹೊಡೀಬ್ಯಾಡ್ರಿ, ಭುಜದ ಎಲುಬು ಈ ಗುಂಡಿಗೆ ದೊಡ್ಡ ಗ್ವಾಡಿ. ತಲಿ, ಕುತ್ತಿಗಿ ಬ್ಯಾಡೇ ಬ್ಯಾಡ, ಯೂಟ್ಯೂಬ್‌ನಾಗ ನೋಡಿದ್ದು ಅಲ್ಲೇ ಬಿಡ್ರಿ. ದೂರ 150 ಗಜ ನನ್ನ ಹದ್ದು. ಹೆಚ್ಚಿನ ಬುಲೆಟ್ ಅರಳ್ಬೇಕಂದ್ರ ಸೆಕೆಂಡಿಗೆ 1800ರಿಂದ 2000 ಅಡಿ ವೇಗ ಉಳ್ದಿರ್ಬೇಕು, ಅದು ಇನ್ನೂ ದೂರ ಉಳೀತದ ಖರೆ, ಆದ್ರ ಹೊಸ ಕೈ, ಗಾಳಿ, ಎದಿ ಡವಡವ, ಇವು ಯಾವ ಡಬ್ಬಿ ಮ್ಯಾಲೂ ಬರ್ದಿರಂಗಿಲ್ಲ. ಹೊಡ್ದ ಮ್ಯಾಲ ಅರ್ಧ ತಾಸು ಕುಂತ ಜಾಗದಾಗೇ ಕುಂಡ್ರಿ. ನೊರಿ ನೊರಿ ಗುಲಾಬಿ ರಕ್ತ ಇದ್ರ ಪುಪ್ಪಸ, ಹತ್ರಾನೇ ಬಿದ್ದಿರ್ತದ. ಕಪ್ಪು ಕೆಂಪು ಇದ್ರ ಈಲಿ, ಇನ್ನೂ ಹೊತ್ತು ಕಾಯ್ರಿ. ಹಸರು ಹೊಲಸು ಕೂಡಿದ್ರ ಹೊಟ್ಟಿ, ಆವಾಗ ರಾಂಚಿನ ಹಿರಿಯರನ್ನ ಕರೀರಿ, ಒಬ್ಬರೇ ಬೆನ್ನು ಹತ್ತಬ್ಯಾಡ್ರಿ.

ಇಷ್ಟೆಲ್ಲಾ ಹೇಳಿ ಈಗ ಉಲ್ಟಾ ಮಾತು ಹೇಳ್ತೀನಿ. ಆ ಮನ್ಯಾಗ .243 ರೈಫಲ್ ಅದನಾ ಕೇಳ್ರಿ. ಟೆಕ್ಸಾಸ್ ರಾಂಚ್‌ನಾಗ ಇರೋ ಚಾನ್ಸ್ ಭಾಳ, ಹುಡುಗ್ರಿಗೆ ಕಲಸ್ಲಿಕ್ಕೆ ಅಂತ ಇಟ್ಟಿರ್ತಾರ. 1955ರಾಗ ಬಂದ ತೋಟಾ ಅದು, ಗುಂಡಿನ ಅಗಲ ಅರ್ಧ ಮಿಲಿಮೀಟರ್ ಹೆಚ್ಚು ಅಷ್ಟೇ, ಆದ್ರ 100 ಗ್ರೇನ್ ಬುಲೆಟ್ ಹಾಕಿದ್ರ ನಳಿಗಿ ಬಾಯಾಗ 1900 ಫುಟ್‌ಪೌಂಡ್ ದಾಟ್ತದ, ಹೆಗಲಿಗೆ ಹೊಡ್ತಾನೂ ಅಂಥಾದ್ದೇನಿಲ್ಲ. ಅದಕ್ಕ ಯಾವ ಒಳ್ಳೇ ಸಾಫ್ಟ್ ಪಾಯಿಂಟ್ ಹಾಕಿದ್ರೂ ನಡೀತದ, ನಾ ಮ್ಯಾಲ ಕೊರ್ದಷ್ಟು ತಲಿ ಕೆಡಿಸ್ಕೊಳ್ಳೋದು ಬೇಕಾಗಂಗಿಲ್ಲ. ಕಾನೂನೂ ಅಲ್ಲಿಂದಾನೇ ಗೆರಿ ಎಳೀತದ ಭಾಳ ಕಡೆ. ವರ್ಜೀನಿಯಾದಾಗ ಜಿಂಕಿಗೆ .23ಕ್ಕಿಂತ ಸಣ್ಣ ರೈಫಲ್ ಬಂದ್, ಅಂದ್ರ ನಿಮ್ಮ .223 ಕೂದ್ಲೆಳಿ ಅಂತರದಾಗ ಹೊರಗ. ಕೊಲೊರಾಡೋದಾಗ ಕಮ್ಮಿ ಅಂದ್ರ .24, ಬುಲೆಟ್ 70 ಗ್ರೇನ್. ಇಂಗ್ಲೆಂಡಿನ 1991ರ ಜಿಂಕಿ ಕಾಯ್ದೆನೂ .240 ಅಂತದ, ಮುಂಟ್‌ಜ್ಯಾಕ್ ಅಂಥಾ ಕುರಿಮರಿ ಸೈಜಿನವಕ್ಕ ಮಾತ್ರ ಸಣ್ಣದಕ್ಕ ಬಿಟ್ಟಾರ. ಟೆಕ್ಸಾಸ್ ಸೆಂಟರ್‌ಫೈರ್, ಅಂದ್ರ ತಳದ ನಡುವ ಪೆಟ್ಟು ಬೀಳೋ ತೋಟಾ ಇದ್ರ ಸಾಕು ಅಂತದ, ಹಂಗಾಗಿ ಇಲ್ಲಿ ಕಲ್ತಿದ್ದು ಬ್ಯಾರೆ ಸ್ಟೇಟಿಗೆ ಹೊತ್ಕೊಂಡು ಹೋಗುವಾಗ ಹುಷಾರ್.

ಇನ್ನೊಂದು ವಿಷಯ, ಇದು ನಿಮ್ಮ ಪ್ರಶ್ನಿಯಾಗಿಲ್ಲ, ಆದ್ರ ನೀವು ಬೀದರ್ ಕಡೆಯವ್ರು ಅಂತ ಹೇಳ್ತೀನಿ. ಆ ಕಡಿ ರಾಂಚ್‌ಗಳಾಗ ನಮ್ಮ ಚಿಗರಿ ಅದಾವ. 1932ರಾಗ ಎಡ್ವರ್ಡ್ಸ್ ಪ್ರಸ್ಥಭೂಮಿಗೆ ತಂದು ಬಿಟ್ಟಿದ್ದು, ಚುಕ್ಕಿ ಜಿಂಕಿನೂ ಅದೇ ವರ್ಷ, ಅಲ್ಲಿ ಅವಕ್ಕ ಸೀಸನ್ನೂ ಇಲ್ಲ, ಲೈಸೆನ್ಸ್ ಇದ್ರ ವರ್ಷಪೂರ್ತಿ ಹೊಡೀಬಹುದು. ನಾಲ್ಕನೇ ಸೀಸನ್‌ದಾಗ ಮುಂಜಾನಿ ಬ್ಲೈಂಡ್‌ನಾಗ, ಅಂದ್ರ ಶಿಕಾರಿಗೆ ಅಡಗಿ ಕೂಡೋ ಗೂಡಿನಾಗ ಕುಂತಿದ್ದೆ, 80 ಗಜದಾಗ ಒಂದು ಕರೇ ಗಂಡು ಬಂತು, ಕೊಂಬು ಸುರುಳಿ, ಹೊಟ್ಟಿ ಬೆಳ್ಳಗ, ತಂತಿ ಬೇಲಿ ಹತ್ರ ನಾಲ್ಕೂ ಕಾಲು ಕೂಡಿಸಿ ಚಂಗನ ಹಾರ್ತು, ನಮ್ಮ ಹೊಲದಾಗ ಅಪ್ಪ ಡಬ್ಬಿ ಬಡ್ದಾಗ ಹಾರ್ತದಲ್ಲ ಹಂಗೇ. ಸೇಫ್ಟಿ ತೆಗ್ದಿದ್ದೆ, ಮತ್ತ ಹಾಕ್ದೆ. ಯಾಕ ಅಂತ ದೋಸ್ತ ಕೇಳಿದ್ರ ಊರಿನ ಪರಿಚಯದವ ಅಂದೆ. ನಿಮ್ಗೂ ಎದ್ರಿಗೆ ಬಂದ್ರ ಹೊಡ್ಯೋದು ಬಿಡೋದು ನಿಮಗ್ ಬಿಟ್ಟಿದ್ದು, ಪ್ರಾಣಿ ಮಾತ್ರ ವೈಟ್‌ಟೇಲ್‌ಕಿಂತ ಸಣ್ಣದು, ಎದಿ ಜಾಗ ಆರು ಇಂಚ್ ಅಂತ ತಿಳ್ಕೋರಿ.

ಕೊನಿಗೆ, ವಾಪಸ್ ಊರಿಗೆ ಬರುವಾಗ ಬ್ಯಾಗು ಜಾಡ್ಸಿ ನೋಡ್ರಿ. ಶಿಕಾರಿ ಜಾಕೆಟ್ ಕಿಸೆದಾಗ ಮರ್ತು ಉಳ್ದ ಒಂದೇ ಒಂದು ತೋಟಾ ಶಂಶಾಬಾದ್ ಏರ್‌ಪೋರ್ಟ್‌ನಾಗ ಸಿಕ್ರ ಆರ್ಮ್ಸ್ ಆ್ಯಕ್ಟ್ ಕೇಸು, ನೆನಪಿಗಿಟ್ಕೊಂಡಿದ್ದೆ ಅಂದ್ರ ಯಾರೂ ಕೇಳಂಗಿಲ್ಲ. ಸದ್ಯಕ್ಕ ರಾಡ್ ಹಾಕಿ ಅಳದು ಸುತ್ತು ಎಷ್ಟದ ಅಂತ ಬರೀರಿ. 1:9 ಬಂದ್ರ 62 ಗ್ರೇನ್ ಫ್ಯೂಶನ್ ಎರಡು ಡಬ್ಬಿ ತಗೋರಿ, 1:12 ಬಂದ್ರ ಪಾರ್ಟಿಶನ್ ಒಂದು ಡಬ್ಬಿ ತಂದು ಮೊದ್ಲು 50 ಗಜದಾಗ ಕಾಗದಕ್ಕ ಹೊಡ್ದು ತೂತಿನ ಫೋಟೋ ಹಾಕ್ರಿ.